‘ಸಿಸ್ಟಮ್ ಹಳೇದಾಯ್ತು’ ಅನ್ನೋದು ಉತ್ತರ ಅಲ್ಲ

(1/8)
📷 ಕಪ್ಪು ಸ್ಕ್ರೀನ್, ಬಿಳಿ ಅಕ್ಷರ, ಒಂದೇ ಸಾಲು.

‘ಪಿಎಕ್ಸ್‌ಇ-ಇ53: ನೋ ಬೂಟ್ ಫೈಲ್‌ನೇಮ್ ರಿಸೀವ್ಡ್.’

ಈ ಸಾಲನ್ನ ನಾವು ಎರಡು ತಿಂಗಳು ದಿನಾ ನೋಡಿದ್ವಿ. ಓದಿದವರು ಯಾರೂ ಇಲ್ಲ. ನಾನೂ ಓದ್ಲಿಲ್ಲ. ಈ ಸಲದ ಸರಣಿ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಬಿಕಾಂ ಓದ್ತಿದೀನಿ, ಮನೆ ಬಸವೇಶ್ವರನಗರ. ಕಾಮಾಕ್ಷಿಪಾಳ್ಯದ ಕಡೆ ಒಂದು ಚಿಕ್ಕ ಸಂಘದ ಕಟ್ಟಡದ ಮೇಲಿನ ಮಹಡಿಯಲ್ಲಿ ಫ್ರೀ ಕಂಪ್ಯೂಟರ್ ಕ್ಲಾಸ್ ನಡೆಯುತ್ತೆ. ಸಂಘದ ಹೆಸರು ಹೇಳಲ್ಲ, ಅದು ಇಲ್ಲಿ ಮುಖ್ಯ ಅಲ್ಲ. ನಾನು ಅಲ್ಲಿ ಕನ್ನಡ ಟೈಪಿಂಗ್, ಲಿಬ್ರೆ ಆಫೀಸ್ ಕ್ಯಾಲ್ಕ್ ಹೇಳ್ಕೊಡ್ತೀನಿ. ಶನಿವಾರ, ಭಾನುವಾರ ಬೆಳಗ್ಗೆ ಹೈಸ್ಕೂಲ್ ಮಕ್ಕಳು ಬರ್ತಾರೆ. ವಾರದ ದಿನ ಸಂಜೆ ಪಿಯುಸಿ ಹುಡುಗ್ರು, ಗಾರ್ಮೆಂಟ್ಸ್ ಕೆಲಸ ಮುಗಿಸ್ಕೊಂಡು ಬರೋ ಅಕ್ಕಂದಿರು.

ಅಲ್ಲಿ 14 ಕಂಪ್ಯೂಟರ್ ಇತ್ತು. ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಎಲ್ಲ ಮೂಲೆಯಲ್ಲಿರೋ ಒಂದು ಸರ್ವರ್‌ನಿಂದ ನೆಟ್‌ವರ್ಕ್ ಮೂಲಕ ಲಿನಕ್ಸ್ ತಗೊಂಡು ಆನ್ ಆಗುತ್ತೆ. ಒಂದು ದಿನ ಅರ್ಧ ಮಷಿನ್ ಆನ್ ಆಗಲ್ಲ ಅಂತ ಶುರುವಾಯ್ತು. ಒಂದೇ ವಾರದಲ್ಲಿ ತೀರ್ಪು ಬಂತು: ‘ಸಿಸ್ಟಮ್ ಹಳೇದಾಯ್ತು.’ ಮುಂದಿನ ಮೀಟಿಂಗ್‌ನಲ್ಲಿ 4 ಸಿಪಿಯು ಗುಜರಿಗೆ ಹೋಯ್ತು. ಸಂಜೆ ಬ್ಯಾಚನ್ನೇ ನಿಲ್ಲಿಸಿಬಿಡೋಣ ಅನ್ನೋ ಮಾತೂ ಬಂತು.

ಕೊನೆಗೆ ಸಿಕ್ಕಿದ ತಪ್ಪು ಏನು ಗೊತ್ತಾ? ಒಂದು ಕೇಬಲ್. ಕೆಟ್ಟಿರೋ ಕೇಬಲ್ ಅಲ್ಲ, ಚೆನ್ನಾಗೇ ಇರೋ ಕೇಬಲ್, ತಪ್ಪು ಜಾಗದಲ್ಲಿ.

(2/8)
📷 ಸರ್ವರ್. ಮೇಲೆ ಧೂಳು, ಪಕ್ಕದಲ್ಲಿ ಯಾರದೋ ಟಿಫನ್ ಬಾಕ್ಸ್.

ಮೊದಲು ಇದು ಹೆಂಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ. ಕಂಪ್ಯೂಟರ್ ಸೈನ್ಸ್ ಬೇಡ, ನಮ್ಮ ಕಾಲೇಜಿನ ಅಡ್ಮಿಷನ್ ದಿನ ನೆನಪಿದ್ರೆ ಸಾಕು.

ಡಿಸ್ಕ್ ಇಲ್ಲದ ಮಷಿನ್ ಆನ್ ಆದಾಗ ಅದಕ್ಕೆ ಏನೂ ಗೊತ್ತಿರಲ್ಲ. ನೆಟ್‌ವರ್ಕ್ ಕಾರ್ಡ್ ಒಳಗೆ ಒಂದು ಪುಟ್ಟ ಪ್ರೋಗ್ರಾಂ ಇರುತ್ತೆ, ಅದನ್ನ ಪಿಎಕ್ಸ್‌ಇ ಅಂತಾರೆ. ಅದು ಕೇಬಲ್ ಮೇಲೆ ಜೋರಾಗಿ ಕೂಗುತ್ತೆ: ‘ಯಾರಾದ್ರೂ ಇದೀರಾ? ನನ್ನ ನಂಬರ್ ಏನು? ನಾನು ಯಾವ ರೂಮಿಗೆ ಹೋಗಬೇಕು?’

ಮೊದಲ ಹೆಜ್ಜೆ, ಡಿಎಚ್‌ಸಿಪಿ. ಕೂಗಿಗೆ ಒಬ್ಬರು ಉತ್ತರ ಕೊಡ್ತಾರೆ: ಇದು ನಿನ್ನ ಐಪಿ ವಿಳಾಸ, ಇದು ನೀನು ತರಬೇಕಾದ ಫೈಲಿನ ಹೆಸರು, ಅದು ಇಂಥ ಸರ್ವರ್‌ನಲ್ಲಿದೆ.
ಎರಡನೇ ಹೆಜ್ಜೆ, ಟಿಎಫ್‌ಟಿಪಿ. ಆ ಚಿಕ್ಕ ಫೈಲನ್ನ ಸರ್ವರ್‌ನಿಂದ ತರೋದು. ತುಂಬ ಹಳೇ, ತುಂಬ ಸರಳ ವಿಧಾನ, 1981ರಿಂದ ಇದೆ.
ಮೂರನೇ ಹೆಜ್ಜೆ, ಆ ಫೈಲ್ ಎದ್ದು ನಿಂತು ಲಿನಕ್ಸ್ ಕರ್ನಲ್ಲನ್ನ ಎಳ್ಕೊಂಡು ಬರುತ್ತೆ.
ನಾಲ್ಕನೇ ಹೆಜ್ಜೆ, ಕರ್ನಲ್ ಹೋಗಿ ಸರ್ವರ್‌ನಲ್ಲಿರೋ ದೊಡ್ಡ ಇಮೇಜನ್ನ ನೆಟ್‌ವರ್ಕ್ ಮೇಲೇ ಹಿಡ್ಕೊಳುತ್ತೆ, ಸಾಮಾನ್ಯವಾಗಿ ಎನ್‌ಎಫ್‌ಎಸ್ ಮೂಲಕ. ಆಮೇಲೆ ಲಾಗಿನ್ ಸ್ಕ್ರೀನ್.

ಇಷ್ಟೇ. ನಾಲ್ಕು ಕೌಂಟರ್, ಒಂದರಿಂದ ಇನ್ನೊಂದಕ್ಕೆ ಚೀಟಿ. ಎರಡನೇ ಕೌಂಟರ್‌ಗೆ ಹೋಗಿದ್ದೀಯ ಅಂದ್ರೆ ಮೊದಲನೇದು ಸರಿಯಿತ್ತು ಅಂತಲೇ ಅರ್ಥ. ಇದನ್ನ ಮರೀಬೇಡಿ, ಪೂರ್ತಿ ಕಥೆ ಇದರ ಮೇಲೆ ನಿಂತಿದೆ.

ಇದನ್ನೆಲ್ಲ ಜೋಡಿಸಿ ಕೊಡೋ ಸಾಫ್ಟ್‌ವೇರ್ ಹೆಸರು ಎಲ್‌ಟಿಎಸ್‌ಪಿ. ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. ಅಮೆರಿಕದ ಜಿಮ್ ಮೆಕ್‌ಕ್ವಿಲನ್ 1999ರಲ್ಲಿ ಶುರು ಮಾಡಿದ್ದು. 2019ರಲ್ಲಿ ಅದನ್ನ ಮೊದಲಿಂದ ಹೊಸದಾಗಿ ಬರೆದವರು ಗ್ರೀಸ್ ದೇಶದ ಶಾಲಾ ಲ್ಯಾಬ್‌ಗಳ ಜೊತೆ ಕೆಲಸ ಮಾಡ್ತಿದ್ದ ಆಲ್ಕಿಸ್ ಜಾರ್ಜೋಪೌಲೋಸ್. ದುಡ್ಡು ಕೊಡೋ ಹಂಗಿಲ್ಲ.

(3/8)
📷 ಎಸ್‌.ಪಿ. ರೋಡ್ ಬಿಲ್. ಇದು ನನ್ನ ಅವಮಾನದ ದಾಖಲೆ.

ಈಗ ನಾವು ಮಾಡಿದ ತಪ್ಪು. ಮುಚ್ಚಿಟ್ಕೊಂಡು ಏನು ಪ್ರಯೋಜನ.

ಲ್ಯಾಬ್ ಸೆಟಪ್ ಮಾಡಿದ ಅಣ್ಣ ಕೆಲಸ ಸಿಕ್ಕಿ ಪುಣೆಗೆ ಹೋಗಿದ್ರು. ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ರು. ಬೇರೆ ಎಲ್ಲ ಅವರ ತಲೆಯಲ್ಲೇ ಇತ್ತು, ತಲೆ ಜೊತೆ ಪುಣೆಗೆ ಹೋಯ್ತು.

ತೊಂದರೆ ಶುರುವಾದಾಗ ನಾನು ಏನು ಮಾಡ್ದೆ? ಆನ್ ಆಗದಿರೋ ಮಷಿನ್ ಬಿಚ್ಚಿ ರ‍್ಯಾಮ್ ತೆಗೆದು, ರಬ್ಬರ್‌ನಿಂದ ಉಜ್ಜಿ ವಾಪಸ್ ಹಾಕ್ದೆ. ಆನ್ ಆಯ್ತು! ಹೀರೋ ಅನ್ಕೊಂಡೆ. ಮಾರನೇ ದಿನ ಮತ್ತೆ ಅದೇ. ಎಸ್‌.ಪಿ. ರೋಡಿಗೆ ಹೋಗಿ ಒಂದು ಎಸ್‌ಎಂಪಿಎಸ್, ನಾಲ್ಕು ನೆಟ್‌ವರ್ಕ್ ಕೇಬಲ್ ತಂದೆ. ಹಾಕಿದ ದಿನ ಸರಿ, ಮಾರನೇ ದಿನ ಕೆಟ್ಟಿತು. ಸಂಘದ ದುಡ್ಡು ಹೋಯ್ತು, ಜೊತೆಗೆ ನನ್ನ ಮಾತಿನ ಬೆಲೆಯೂ ಹೋಯ್ತು.

ಅಷ್ಟರಲ್ಲಿ ಪ್ರತಿಯೊಬ್ಬರ ಹತ್ರ ಒಂದು ಥಿಯರಿ ರೆಡಿ ಇತ್ತು.
‘ಸಂಜೆ ವೋಲ್ಟೇಜ್ ಇಳಿಯುತ್ತೆ ಈ ಏರಿಯಾದಲ್ಲಿ.’
‘ಲಿನಕ್ಸ್ ಅಲ್ವಾ, ವಿಂಡೋಸ್ ಹಾಕಿದ್ರೆ ಸರಿಹೋಗುತ್ತೆ.’
‘ಹುಡುಗ್ರು ಏನೋ ಒತ್ತಿರ್ತಾರೆ.’
ಕೊನೆಗೆ ಸೆಕ್ರೆಟರಿ ಅಂಕಲ್: ‘ನೋಡಮ್ಮ, ಹಳೇ ಸಾಮಾನು. ಎಷ್ಟು ದಿನ ಅಂತ ಬರುತ್ತೆ?’

ನನ್ನ ಕ್ಲಾಸ್‌ಮೇಟ್ಸ್‌ಗೆ ಒಂದು ಪ್ರಶ್ನೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಏನು ಮಾಡ್ತೀವಿ? ವ್ಯತ್ಯಾಸದ ಮೊತ್ತವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಸದ್ಯಕ್ಕೆ ಮುಂದೆ ಹೋಗ್ತೀವಿ. ಆದ್ರೆ ಸಸ್ಪೆನ್ಸ್ ಅಕೌಂಟ್ ಉತ್ತರ ಅಲ್ಲ. ‘ಇನ್ನೂ ಹುಡುಕಿಲ್ಲ’ ಅನ್ನೋದರ ಹೆಸರು ಅದು. ತಪ್ಪು ಸಿಗೋವರೆಗೂ ಅದು ಅಲ್ಲೇ ಕೂತು ನಿಮ್ಮನ್ನ ನೋಡ್ತಿರುತ್ತೆ.

‘ಸಿಸ್ಟಮ್ ಹಳೇದಾಯ್ತು’ ಅನ್ನೋದು ನಮ್ಮ ಸಂಘದ ಸಸ್ಪೆನ್ಸ್ ಅಕೌಂಟ್ ಆಗಿತ್ತು. ಗೊತ್ತಿಲ್ಲದ್ದನ್ನೆಲ್ಲ ಅದರೊಳಗೆ ತುಂಬಿದ್ವಿ. ಆಮೇಲೆ ಅದನ್ನೇ ಕಾರಣ ಅಂತ ನಂಬಿದ್ವಿ.

(4/8)
📷 ಹಾಜರಾತಿ ಪುಸ್ತಕ. ಹೆಸರುಗಳ ಮೇಲೆ ಕಾಗದ ಇಟ್ಟು ಮುಚ್ಚಿದೀನಿ.

ತಾಳಲಾರದೆ ಪುಣೆ ಅಣ್ಣನಿಗೆ ವಿಡಿಯೋ ಕಾಲ್ ಮಾಡ್ದೆ. ಐದು ನಿಮಿಷ ನನ್ನ ಗೋಳು ಹೇಳ್ಕೊಂಡೆ. ರ‍್ಯಾಮ್, ಎಸ್‌ಎಂಪಿಎಸ್, ವೋಲ್ಟೇಜ್, ಎಲ್ಲ. ಅವರು ಸುಮ್ನೆ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು:

‘ಸ್ಕ್ರೀನ್ ಮೇಲೆ ಏನು ಬರ್ತಿದೆ? ಅಕ್ಷರ ಅಕ್ಷರ ಓದು.’

ಓದ್ದೆ. ಇ53. ಬೂಟ್ ಫೈಲಿನ ಹೆಸರು ಸಿಗಲಿಲ್ಲ.

‘ಹಂಗಾದ್ರೆ ರ‍್ಯಾಮ್ ಯಾಕೆ ಮುಟ್ಟಿದೆ? ಮಷಿನ್ ಆನ್ ಆಗಿದೆ, ಕಾರ್ಡ್ ಕೆಲಸ ಮಾಡಿದೆ, ಕೇಬಲ್ ಕೆಲಸ ಮಾಡಿದೆ. ಕೂಗಿದಾಗ ಉತ್ತರಾನೂ ಬಂದಿದೆ. ಉತ್ತರದಲ್ಲಿ ಫೈಲಿನ ಹೆಸರು ಮಾತ್ರ ಇಲ್ಲ. ಉತ್ತರ ಯಾರು ಕೊಡ್ತಿದ್ದಾರೆ ನೋಡು.’

ತಲೆ ಮೇಲೆ ಒಂದು ಮೊಟಕಿದ ಹಂಗಾಯ್ತು. ಎರಡು ತಿಂಗಳು ಆ ಮಷಿನ್ ತನ್ನ ಕಷ್ಟವನ್ನ ತಾನೇ ಬರೆದು ತೋರಿಸ್ತಿತ್ತು. ಇಂಗ್ಲಿಷ್‌ನಲ್ಲಿ ಕೋಡ್ ಇದೆ ಅಂತ ನಾವು ಅದನ್ನ ಚಿತ್ರದ ಥರ ನೋಡ್ತಿದ್ವಿ.

ಅಣ್ಣ ಇನ್ನೊಂದು ಕೇಳಿದ್ರು: ‘ಯಾವಾಗ ಕೆಡುತ್ತೆ?’ ನಾನು ‘ಯಾವಾಗ್ಲೂ’ ಅಂದೆ. ಅದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು.

ನಮ್ಮ ಹಾಜರಾತಿ ಪುಸ್ತಕದಲ್ಲಿ ಮಷಿನ್ ಸಿಗದವರ ಹೆಸರಿನ ಮುಂದೆ ‘ಸಿಸ್ಟಮ್ ಇಲ್ಲ’ ಅಂತ ಬರೀತೀವಿ. ಅದನ್ನ ತೆಗೆದು ಎರಡು ತಿಂಗಳ ಲೆಕ್ಕ ಹಾಕ್ದೆ. ಬೆಳಗ್ಗೆ ಬ್ಯಾಚಿನಲ್ಲಿ ‘ಸಿಸ್ಟಮ್ ಇಲ್ಲ’ ಒಂದೇ ಒಂದು ಸಲವೂ ಇಲ್ಲ. ಎಲ್ಲ ಸಂಜೆ. ಒಂದು ವಾರ ಮಾತ್ರ ಸಂಜೇನೂ ಪೂರ್ತಿ ಸರಿಯಿತ್ತು. ಆ ವಾರ ಕೆಳಗಿನ ಆಫೀಸಿಗೆ ರಜ.

ನಾನು ರಿಪೇರಿ ಮಾಡ್ತಿದ್ದದ್ದೂ ಬೆಳಗ್ಗೆ, ಕಾಲೇಜಿಗೆ ಹೋಗೋ ಮುಂಚೆ! ಅದಕ್ಕೇ ರ‍್ಯಾಮ್ ಉಜ್ಜಿದ ಕೂಡಲೇ ‘ಸರಿ’ ಆಗ್ತಿತ್ತು. ಉಜ್ಜದೇ ಇದ್ರೂ ಆಗ್ತಿತ್ತು ಗುರು.

(5/8)
📷 ಕೆಳಗಿನ ಆಫೀಸಿನ ವೈಫೈ ರೂಟರ್. ಹಳದಿ ಕೇಬಲ್ ಎಲ್ಲಿಗೆ ಹೋಗ್ತಿದೆ ನೋಡಿ.

ಸಂಜೆ ಆಫೀಸ್ ತೆಗೆದ ಮೇಲೆ ಹೋದೆ. ನನ್ನ ಲ್ಯಾಪ್‌ಟಾಪನ್ನ ಲ್ಯಾಬಿನ ಸ್ವಿಚ್‌ಗೆ ಕೇಬಲ್‌ನಿಂದ ಸಿಗಿಸಿ ಏನು ವಿಳಾಸ ಬರುತ್ತೆ ನೋಡ್ದೆ. ನಮ್ಮ ಸರ್ವರ್ ಕೊಡೋದು 192.168.67ರಿಂದ ಶುರುವಾಗೋ ವಿಳಾಸ. ನನಗೆ ಬಂದಿದ್ದು 192.168.0ರಿಂದ ಶುರುವಾಗೋದು. ಅಂದ್ರೆ ನಮ್ಮ ಮನೆ ಬಾಗಿಲಲ್ಲಿ ಬೇರೆ ಯಾರೋ ನಿಂತು ಉತ್ತರ ಕೊಡ್ತಿದ್ದಾರೆ.

ಅಣ್ಣ ಹೇಳಿದ ಹಾಗೆ ಸರ್ವರ್‌ನಲ್ಲಿ ಟಿಸಿಪಿಡಂಪ್ ಓಡಿಸಿ 67 ಮತ್ತು 68ನೇ ಪೋರ್ಟ್ ನೋಡ್ದೆ. ಡಿಎಚ್‌ಸಿಪಿ ಮಾತುಕತೆ ನಡೆಯೋದು ಅಲ್ಲೇ. ಮಷಿನ್ ಒಂದು ಸಲ ಕೂಗುತ್ತೆ. ಉತ್ತರ ಎರಡು ಬರುತ್ತೆ. ಒಂದು ನಮ್ಮ ಸರ್ವರ್‌ದು, ಒಂದು ಕೆಳಗಿನ ರೂಟರ್‌ದು.

ಏನಾಗಿತ್ತು ಅಂದ್ರೆ, ಎರಡು ತಿಂಗಳ ಹಿಂದೆ ಆಫೀಸಿಗೆ ಹೊಸ ವೈಫೈ ಬಂತು. ‘ಮೇಲಿನ ಮಕ್ಕಳಿಗೂ ಇಂಟರ್ನೆಟ್ ಸಿಗ್ಲಿ’ ಅಂತ ಯಾರೋ ಒಳ್ಳೇ ಮನಸ್ಸಿನಿಂದ ರೂಟರ್‌ನ ಲ್ಯಾನ್ ಪೋರ್ಟಿಂದ ಒಂದು ಕೇಬಲ್ ಎಳೆದು ಲ್ಯಾಬ್ ಸ್ವಿಚ್‌ಗೆ ಹಾಕಿದ್ರು. ರೂಟರ್ ತನ್ನ ಕೆಲಸ ತಾನು ಮಾಡ್ತು: ಕೇಳಿದವರಿಗೆಲ್ಲ ವಿಳಾಸ ಕೊಡ್ತು. ಆದ್ರೆ ಬೂಟ್ ಫೈಲ್ ಅಂದ್ರೆ ಏನು ಅಂತ ಅದಕ್ಕೆ ಗೊತ್ತಿಲ್ಲ.

ನಮ್ಮ ಸರ್ವರ್‌ನಲ್ಲಿರೋ ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ ಹೊಸ ವಿಳಾಸ ಕೊಡೋ ಮುಂಚೆ ಅದನ್ನ ಬೇರೆ ಯಾರಾದ್ರೂ ಬಳಸ್ತಿದ್ದಾರಾ ಅಂತ ಒಂದು ಸಲ ಕೇಳಿ ನೋಡುತ್ತೆ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ರೂಟರ್ ಮುಂದೆ ನುಗ್ಗುತ್ತೆ. ಕೆಲವು ಮಷಿನ್ ತಾಳ್ಮೆಯಿಂದ ಕಾದು ಸರಿಯಾದ ಉತ್ತರ ಆರಿಸ್ಕೊಳುತ್ತೆ, ಕೆಲವು ಮೊದಲು ಬಂದಿದ್ದನ್ನೇ ಹಿಡ್ಕೊಳುತ್ತೆ. ಅದಕ್ಕೇ ಅರ್ಧ ಆನ್, ಅರ್ಧ ಇಲ್ಲ. ಆಫೀಸ್ ಮುಚ್ಚಿದಾಗ ರೂಟರ್ ಆಫ್. ಅದಕ್ಕೇ ಬೆಳಗ್ಗೆ ಎಲ್ಲ ಸರಿ.

ಹಳದಿ ಕೇಬಲ್ ಕಿತ್ತೆ. 10ಕ್ಕೆ 10 ಮಷಿನ್ ಆನ್ ಆಯ್ತು.

14ಕ್ಕೆ 14 ಅಂತ ಬರೀಬಹುದಿತ್ತು. 4 ಗುಜರಿಯಲ್ಲಿದೆ.

(6/8)
📷 ಗೋಡೆಗೆ ಅಂಟಿಸಿರೋ ಹಾಳೆ. ಇದನ್ನ ಸೇವ್ ಮಾಡ್ಕೊಳ್ಳಿ.

ನಿಮ್ಮ ಕಾಲೇಜಿನಲ್ಲೋ, ಊರಿನ ಶಾಲೆಯಲ್ಲೋ ಇಂಥ ಲ್ಯಾಬ್ ಇದ್ರೆ ಉಪಯೋಗಕ್ಕೆ ಬರಲಿ. ಸ್ಕ್ರೀನ್ ಏನು ಹೇಳುತ್ತೋ ಅದರ ಮೇಲೆ ಯಾವ ಕೌಂಟರ್‌ನಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತೆ.

▪️ ಇ61, ‘ಮೀಡಿಯಾ ಟೆಸ್ಟ್ ಫೇಲ್ಯೂರ್’: ಕೂಗೋಕೇ ಆಗ್ತಿಲ್ಲ. ಕೇಬಲ್, ಸ್ವಿಚ್‌ನ ಲೈಟ್ ನೋಡಿ. ಕೇಬಲ್ ಬದಲಾಯಿಸೋ ಸಮಯ ಇದೊಂದೇ.

▪️ ಇ51, ಡಿಎಚ್‌ಸಿಪಿ ಉತ್ತರ ಬಂದಿಲ್ಲ: ಕೂಗಿದೆ, ಯಾರೂ ಮಾತಾಡ್ಲಿಲ್ಲ. ಸರ್ವರ್ ಆನ್ ಇದೆಯಾ, ಡಿಎಚ್‌ಸಿಪಿ ಸೇವೆ ಓಡ್ತಿದೆಯಾ ನೋಡಿ. ದುಬಾರಿ ಸ್ವಿಚ್ ಇದ್ರೆ ಇನ್ನೊಂದು ಕಾರಣ: ಕೇಬಲ್ ಎಚ್ಚರವಾದ ಮೇಲೆ ಸುಮಾರು 30 ಸೆಕೆಂಡ್ ಅದು ಪೋರ್ಟನ್ನ ಪರೀಕ್ಷೆ ಮಾಡ್ತಾ ತಡೆಹಿಡಿಯುತ್ತೆ. ಅಷ್ಟರಲ್ಲಿ ಮಷಿನ್ ಸುಸ್ತಾಗಿ ಬಿಟ್ಟುಬಿಡುತ್ತೆ.

▪️ ಇ53, ಫೈಲಿನ ಹೆಸರಿಲ್ಲ: ನಮ್ಮ ಕಥೆ. ಉತ್ತರ ಕೊಟ್ಟವರು ಯಾರು?

▪️ ಇ32, ‘ಟಿಎಫ್‌ಟಿಪಿ ಓಪನ್ ಟೈಮೌಟ್’: ಹೆಸರು ಸಿಕ್ತು, ಎರಡನೇ ಕೌಂಟರ್ ಮುಚ್ಚಿದೆ. ಟಿಎಫ್‌ಟಿಪಿ ನಿಂತಿರಬಹುದು, ಅಥವಾ ಫೈರ್‌ವಾಲ್ 69ನೇ ಪೋರ್ಟ್ ಮುಚ್ಚಿರಬಹುದು.

▪️ ‘ಫೈಲ್ ನಾಟ್ ಫೌಂಡ್’: ಕೌಂಟರ್ ತೆಗೆದಿದೆ, ಚೀಟಿಯಲ್ಲಿರೋ ಹೆಸರಿನ ಫೈಲ್ ಅಲ್ಲಿಲ್ಲ. ಹಳೇ ಬಯಾಸ್ ಮಷಿನ್‌ಗೆ ಬೇಕಾದ ಫೈಲ್ ಬೇರೆ, ಯುಇಎಫ್‌ಐ ಮಷಿನ್‌ಗೆ ಬೇರೆ ಅನ್ನೋದೂ ನೆನಪಿರಲಿ. ಯುಇಎಫ್‌ಐನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ರೆ ಫೈಲ್ ಬಂದರೂ ಓಡದೇ ಇರಬಹುದು.

▪️ ಲಿನಕ್ಸ್ ಅಕ್ಷರ ಸರಸರ ಓಡಿ, ರೂಟ್ ಮೌಂಟ್ ಆಗಲಿಲ್ಲ ಅಂತ ನಿಂತ್ರೆ: ಮೊದಲ ಮೂರು ಹೆಜ್ಜೆ ಪಾಸು. ಎನ್‌ಎಫ್‌ಎಸ್, ಇಮೇಜ್ ಇರೋ ಫೋಲ್ಡರ್ ನೋಡಿ. ಮಷಿನ್ ಬಿಚ್ಚಬೇಡಿ!

▪️ ಎಲ್ಲ ಆಗಿ ಹೊಸ ಹುಡುಗನ ಲಾಗಿನ್ ಮಾತ್ರ ಆಗ್ತಿಲ್ಲ: ಎಲ್‌ಟಿಎಸ್‌ಪಿಯಲ್ಲಿ ಹೊಸ ಯೂಸರ್ ಸೇರಿಸಿದ ಮೇಲೆ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಅನ್ನೋ ಕಮಾಂಡ್ ಮತ್ತೆ ಓಡಿಸಬೇಕು.

ಒಂದೇ ನಿಯಮ: ಎಲ್ಲಿವರೆಗೆ ಸರಿಯಿದೆ ಅನ್ನೋದಕ್ಕೆ ಸಾಕ್ಷಿ ಇದೆಯೋ, ಅದರ ಮುಂದಿನ ಹೆಜ್ಜೆಯಲ್ಲಿ ಮಾತ್ರ ಹುಡುಕಿ. ಬ್ಯಾಂಕ್ ಪಾಸ್‌ಬುಕ್, ಕ್ಯಾಶ್‌ಬುಕ್ ತಾಳೆ ಹಾಕುವಾಗ ಟಿಕ್ ಮಾಡ್ತಾ ಹೋಗ್ತೀವಲ್ಲ, ಥೇಟ್ ಹಂಗೇ.

(7/8)
📷 ಗುಜರಿ ಅಂಗಡಿ ಮುಂದೆ ರಾಶಿ ಬಿದ್ದಿರೋ ಸಿಪಿಯುಗಳು. ನಮ್ಮವಲ್ಲ.

‘ಇಷ್ಟೆಲ್ಲ ಯಾಕೆ? ಎಲ್ಲರ ಹತ್ರ ಫೋನ್ ಇದೆಯಲ್ಲ’ ಅಂತ ಮೀಟಿಂಗ್‌ನಲ್ಲಿ ಒಬ್ಬ ಅಂಕಲ್ ಕೇಳಿದ್ರು. ನಿಮ್ಮಲ್ಲೂ ಕೆಲವರು ಕೇಳ್ತೀರ.

ಫೋನಲ್ಲಿ ರೀಲ್ಸ್ ನೋಡಬಹುದು, 200 ಸಾಲಿನ ಸ್ಟಾಕ್ ಲಿಸ್ಟ್ ಮಾಡೋಕೆ ಹೋಗಿ ನೋಡಿ. ಗಾರ್ಮೆಂಟ್ಸ್ ಫ್ಲೋರ್‌ನಿಂದ ಅದೇ ಫ್ಯಾಕ್ಟರಿಯ ಸ್ಟೋರ್ಸ್ ಆಫೀಸಿಗೆ ಹೋಗಬೇಕು ಅನ್ನೋ ಅಕ್ಕನಿಗೆ ಬೇಕಾಗಿರೋದು ಕೀಬೋರ್ಡ್, ದೊಡ್ಡ ಸ್ಕ್ರೀನ್, ವಾರಕ್ಕೆ ಐದು ಸಂಜೆ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹಳೇ ಮಷಿನ್ ಎಷ್ಟೋ ಪಾಸಾಗಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾ, ಪೀಣ್ಯ, ಕೆಂಗೇರಿ ಕಡೆಯ ಆಫೀಸ್‌ಗಳಲ್ಲಿ ಚೆನ್ನಾಗಿ ಓಡ್ತಿರೋ ಕಂಪ್ಯೂಟರ್‌ಗೂ ‘ಹಳೇದಾಯ್ತು’ ಅನ್ನೋ ಚೀಟಿ ಅಂಟುತ್ತೆ. ಡಿಸ್ಕ್ ತೆಗೆದು ಅವರ ಡೇಟಾ ಅವರಿಗೆ ಕೊಟ್ಟು, ಉಳಿದ ಪೆಟ್ಟಿಗೆ ನಮಗೆ ಕೊಟ್ರೆ ಅದೇ ಒಂದು ಲ್ಯಾಬ್.

ಇದೇನು ಕನಸಲ್ಲ. ನಮ್ಮ ಊರಲ್ಲೇ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಕಾರ್ಯಕರ್ತರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ಸ್ವತಂತ್ರ ತಂತ್ರಾಂಶದ ಮೇಲೇ ಮಕ್ಕಳಿಗೆ ಕಲಿಸಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಮಕ್ಕಳು ಕೇರಳದ ಶಾಲಾ ವ್ಯವಸ್ಥೆಯಲ್ಲಿ ಲಿನಕ್ಸ್ ಮೇಲೆ ಕಂಪ್ಯೂಟರ್ ಕಲೀತಾರೆ. ಅಲ್ಲಿ ಅದು ‘ಕಷ್ಟದ್ದು’ ಅಲ್ಲ, ಸುಮ್ನೆ ಶಾಲೆಯ ಕಂಪ್ಯೂಟರ್.

ಡಿಸ್ಕ್‌ಲೆಸ್ ಲ್ಯಾಬ್‌ಗೆ ದೌರ್ಬಲ್ಯ ಇಲ್ವಾ? ಇದೆ. ಸರ್ವರ್ ಕೆಟ್ರೆ ಎಲ್ಲ ಮಷಿನ್ ಒಟ್ಟಿಗೆ ಮಲಗುತ್ತೆ. ಹಳೇ 100 ಎಂಬಿಪಿಎಸ್ ಸ್ವಿಚ್ ಇದ್ರೆ ಎಲ್ಲರೂ ಒಟ್ಟಿಗೆ ಆನ್ ಮಾಡಿದಾಗ ತೆವಳುತ್ತೆ. ಟ್ಯಾಲಿ ಅದರ ಮೇಲೆ ನೇರವಾಗಿ ಓಡಲ್ಲ, ವಿಂಡೋಸ್ ಮಷಿನ್ ಒಂದಕ್ಕೆ ರಿಮೋಟ್ ಆಗಿ ಹೋಗಬೇಕು. ಇದನ್ನೆಲ್ಲ ಮುಂದಿಟ್ಟುಕೊಂಡು ‘ಬೇಡ’ ಅಂದ್ರೆ ಒಪ್ತೀನಿ. ಅದು ಯೋಚನೆ ಮಾಡಿ ತಗೊಂಡ ತೀರ್ಮಾನ. ಸ್ಕ್ರೀನ್ ಮೇಲಿನ ಸಾಲೇ ಓದದೆ ‘ಹಳೇದಾಯ್ತು’ ಅಂದ್ರೆ ಮಾತ್ರ ಒಪ್ಪಲ್ಲ.

(8/8)
📷 ಈಗಿನ ಲ್ಯಾಬ್. ಸಂಜೆ 6:40.

ಇಂಟರ್ನೆಟ್ಟೂ ಬೇಕು, ಬೂಟೂ ಆಗಬೇಕು. ದಾರಿ ಎರಡಿತ್ತು. ಒಂದು, ವಿಳಾಸ ಕೊಡೋ ಕೆಲಸ ರೂಟರ್‌ಗೇ ಬಿಟ್ಟು, ನಮ್ಮ ಸರ್ವರ್ ಫೈಲಿನ ಹೆಸರನ್ನ ಮಾತ್ರ ಹೇಳೋ ಹಾಗೆ ಮಾಡೋದು, ಅದನ್ನ ಪ್ರಾಕ್ಸಿ ಡಿಎಚ್‌ಸಿಪಿ ಅಂತಾರೆ. ಇನ್ನೊಂದು, ಸರ್ವರ್‌ಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಹಳದಿ ಕೇಬಲ್ ಅದಕ್ಕೆ ಸಿಗಿಸಿ, ಲ್ಯಾಬ್ ಸ್ವಿಚ್ಚನ್ನ ಬೇರೆಯಾಗಿ ಇಡೋದು. ನಾವು ಎರಡನೇದು ಮಾಡಿದ್ವಿ. ಕೆಳಗೆ ನಾಳೆ ಯಾರು ಯಾವ ರೂಟರ್ ತಂದಿಟ್ರೂ ಮೇಲೆ ತೊಂದರೆ ಆಗಬಾರದು ಅಂತ. ಸರ್ವರ್‌ನ ಇಮೇಜ್ ಈಗ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೂ ಇದೆ.

ಕೇಬಲ್ ಹಾಕಿದವರನ್ನ ಬೈಯೋಕೆ ಕೆಲವರು ಹೊರಟಿದ್ರು. ನಾನು ಬೇಡ ಅಂದೆ. ಅವರು ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಹಾಕಿದ್ದು. ‘ಈ ಸ್ವಿಚ್‌ಗೆ ಬೇರೆ ಕೇಬಲ್ ಹಾಕಬೇಡಿ’ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸದೇ ಇದ್ದದ್ದು ನಮ್ಮ ತಪ್ಪು. ಈಗ ಅಂಟಿಸಿದೀವಿ.

ಜೊತೆಗೆ ಒಂದು ಲಾಂಗ್ ನೋಟ್‌ಬುಕ್. ನಾಲ್ಕು ಕಾಲಂ: ದಿನಾಂಕ ಮತ್ತು ಸಮಯ, ಸ್ಕ್ರೀನ್ ಮೇಲೆ ಏನಿತ್ತು, ಏನು ಬದಲಾಯಿಸಿದ್ವಿ, ಏನಾಯ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಸೆಕ್ರೆಟರಿ ಅಂಕಲ್ ಮೊದಲ ಪುಟದಲ್ಲಿ ಸೀಲ್ ಒತ್ತಿ ಸೈನ್ ಹಾಕಿದ್ದಾರೆ, ಅವರಿಗೆ ಇದೊಂದು ಖುಷಿ. ನಾನು ಮುಂದಿನ ವರ್ಷ ಇಲ್ಲಿರ್ತೀನೋ ಇಲ್ವೋ. ನನ್ನ ತಲೆ ನನ್ನ ಜೊತೆ ಹೋದ್ರೂ ಪುಸ್ತಕ ಇಲ್ಲೇ ಇರುತ್ತೆ.

ಸಂಜೆ ಬ್ಯಾಚ್ ಉಳೀತು. ಆದ್ರೆ ಆ ಎರಡು ತಿಂಗಳಲ್ಲಿ ಮೂರು ಜನ ಬರೋದು ಬಿಟ್ಟಿದ್ರು. ಫೋನ್ ಮಾಡ್ದೆ. ಒಬ್ಬರು ವಾಪಸ್ ಬಂದ್ರು. ಒಬ್ಬರು ಶಿಫ್ಟ್ ಬದಲಾಯ್ತು ಅಂದ್ರು. ಇನ್ನೊಬ್ಬ ಅಕ್ಕ ಹೇಳಿದ್ದು: ‘ನಂಗೆ ಬರಲ್ಲ ಅಂತ ಮಷಿನ್‌ಗೂ ಗೊತ್ತಾಗಿದೆ ಅನ್ಕೊಂಡೆ ಕಣಮ್ಮ. ನಾನು ಕೂತ್ರೇನೇ ಆನ್ ಆಗ್ತಿರ್ಲಿಲ್ಲ.’

ಅವರು ಕೂರ್ತಿದ್ದದ್ದು ಬಾಗಿಲ ಪಕ್ಕದ ಸೀಟು. ಆ ಮಷಿನ್‌ನ ಕಾರ್ಡು ಮೊದಲು ಬಂದ ಉತ್ತರವನ್ನೇ ಹಿಡ್ಕೊಳ್ಳೋ ಜಾತಿಯದು. ಅಷ್ಟೇ ವಿಷಯ. ಅದನ್ನ ಅವರಿಗೆ ಫೋನಲ್ಲಿ ಎರಡು ಸಲ ವಿವರಿಸಿದೆ. ‘ನೋಡೋಣ’ ಅಂದಿದ್ದಾರೆ. ಆ ಸೀಟು ಖಾಲಿ ಇಟ್ಟಿದೀವಿ.

ನಿಮ್ಮ ಕಾಲೇಜಿನಲ್ಲಿ ಬೀಗ ಹಾಕಿರೋ ಲ್ಯಾಬ್ ಇದ್ರೆ ಒಂದು ಕೆಲಸ ಮಾಡಿ. ಪರ್ಮಿಷನ್ ತಗೊಂಡು ಒಂದು ಮಷಿನ್ ಆನ್ ಮಾಡಿ, ಸ್ಕ್ರೀನ್ ಮೇಲೆ ಬರೋ ಸಾಲಿನ ಫೋಟೋ ತೆಗೆದು ನಂಗೆ ಡಿಎಂ ಮಾಡಿ. ನಂಗೆ ಗೊತ್ತಾಗದಿದ್ರೆ ಪುಣೆ ಅಣ್ಣನ್ನ ಕೇಳ್ತೀನಿ. ಬಿಚ್ಚೋಕೆ ಮಾತ್ರ ಹೋಗಬೇಡಿ, ಮೊದಲು ಓದಿ.

#ಕನ್ನಡದಲ್ಲಿಟೆಕ್ #ಬಿಕಾಂಹುಡುಗ್ರು #ಲಿನಕ್ಸ್ #ಬಸವೇಶ್ವರನಗರ #ಮೊದಲುಓದಿ